ಮಾನಕಷಾಯ

ತನ್ನನ್ನು ಇತರರಿಗಿಂತ ಮೇಲೆಂದು ಎಣಿಸಿ, ಆ ಎಣಿಕೆಗೆ ಧಕ್ಕೆ ಬಂದಾಗ ಬಾಗಲೊಪ್ಪದ ಮನೋಭಾವಕ್ಕೆ ಜೈನ ಸಿದ್ಧಾಂತದಲ್ಲಿ ಮಾನಕಷಾಯವೆಂದು ಹೆಸರು. ಆತ್ಮವನ್ನು ಕಲುಷಿತಗೊಳಿಸುವ ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಇದು ಎರಡನೆಯದು. ಆಧುನಿಕ ಮನಶ್ಶಾಸ್ತ್ರವು ಸ್ವಮೋಹ ಅಥವಾ ನಾರ್ಸಿಸಿಸಂ ಎಂದು ಗುರುತಿಸುವ ಹಲವು ಗುಣಗಳು ಇದರಲ್ಲಿ ಅಡಕವಾಗಿವೆಯಾದರೂ, ಜೈನ ಶಾಸ್ತ್ರಕಾರರು ಇದನ್ನು ಕೆಲವರ ದೋಷವೆಂದು ಬಗೆಯದೆ ಪ್ರತಿಯೊಬ್ಬರೂ ತಮ್ಮಲ್ಲಿ ಹುಡುಕಿಕೊಳ್ಳಬೇಕಾದುದೆಂದು ಎಣಿಸಿದರು.

ಬಸದಿಗಳ ಮುಂದೆ ನಿಲ್ಲಿಸುವ ಎತ್ತರದ ಶಿಲಾಕಂಬವಾದ ಮಾನಸ್ತಂಭವು ಈ ವಿಚಾರದೊಂದಿಗೆ ನೇರವಾಗಿ ಹೆಣೆದುಕೊಂಡಿದೆ. ಮಹಾವೀರನನ್ನು ವಾದದಲ್ಲಿ ಗೆಲ್ಲಲು ಹೊರಟ ವಿದ್ವಾಂಸ ಇಂದ್ರಭೂತಿ ಗೌತಮನ ಗರ್ವವು ಮಹಾವೀರನ ಧರ್ಮಸಭೆಯಾದ ಸಮವಸರಣದ ಮಾನಸ್ತಂಭವನ್ನು ಕಂಡೊಡನೆ ಕರಗಿತೆಂದೂ, ಆತನೇ ಮೊದಲ ಗಣಧರ, ಅಂದರೆ ಪ್ರಧಾನ ಶಿಷ್ಯ, ಆದನೆಂದೂ ದಿಗಂಬರ ಪರಂಪರೆ ಹೇಳುತ್ತದೆ. ಅಹಂಕಾರವನ್ನು ಇಳಿಸಲೆಂದು ಎದ್ದ ಇಂತಹ ನಿರ್ಮಾಣಗಳ ಶಾಸನಗಳು ಕಟ್ಟಿಸಿದವರ ವಂಶ, ಬಿರುದುಗಳನ್ನು ಹೊಗಳುವುದರಲ್ಲಿ ಜಿಪುಣತನ ತೋರಿದ್ದು ಕಡಿಮೆ.

ಮಾನವನ್ನು ತನ್ನಲ್ಲೇ ಗುರುತಿಸಲು ಗ್ರಂಥಗಳು ಎರಡು ಉಪಾಯಗಳನ್ನು ಕೊಡುತ್ತವೆ. ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ವು ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ದೇಹ ಎಂಬ ಎಂಟು ಆಶ್ರಯಗಳಿಂದ ಹುಟ್ಟುವ ಮದಗಳನ್ನು ಹೇಳುತ್ತದೆ. ಇಲ್ಲಿ ಪೂಜೆಯೆಂದರೆ ಇತರರಿಂದ ದೊರೆಯುವ ಗೌರವ. ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿ ತನ್ನ ಹೆಸರು ಕೆಳಗಿನ ಸಾಲಿಗೆ ಇಳಿದುದಕ್ಕೆ ತಿಂಗಳುಗಟ್ಟಲೆ ಮುನಿಸಿಕೊಳ್ಳುವವನು ತನ್ನ ಮದ ಯಾವುದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಜಾತಿಯೆಂದರೆ ತಾಯಿಯ ವಂಶವಾದುದರಿಂದ, ತಾಯಿಯ ಕಡೆಯಿಂದ ವಂಶವನ್ನೆಣಿಸುವ ಅಳಿಯಸಂತಾನ ಕಟ್ಟು ನಡೆದುಬಂದ ತುಳುನಾಡಿನ ಜೈನ ಮನೆತನಗಳಲ್ಲಿ ಆ ಮದಕ್ಕೆ ವಿಶೇಷ ಆಸ್ಪದವಿದ್ದಿರಬೇಕು. ಹತ್ತನೆಯ ಶತಮಾನದ ನೇಮಿಚಂದ್ರನ ‘ಗೊಮ್ಮಟಸಾರ’ವು ಮಾನದ ತೀವ್ರತೆಯನ್ನು ಕಲ್ಲು, ಮೂಳೆ, ಕಟ್ಟಿಗೆ, ಬೆತ್ತಗಳ ಬಾಗುವಿಕೆಯಿಂದ ಅಳೆಯುತ್ತದೆ. ತಪ್ಪನ್ನು ತೋರಿಸಿಕೊಟ್ಟಾಗ ಮನಸ್ಸು ಎಷ್ಟು ಬೇಗ ಬಾಗುತ್ತದೆಂಬುದೇ ಇಲ್ಲಿಯ ಒರೆಗಲ್ಲು, ಮತ್ತು ಗರ್ವವಿದೆಯೋ ಇಲ್ಲವೋ ಎಂಬ ಪ್ರಶ್ನೆಗಿಂತ ಇದು ಹೆಚ್ಚು ಪ್ರಾಮಾಣಿಕವಾದುದು.

ತ್ಯಾಗವೂ ಮಾನಕ್ಕೆ ಆಹಾರವಾಗಬಲ್ಲದೆಂಬುದಕ್ಕೆ ಬಾಹುಬಲಿಯ ಕಥೆ ನಿದರ್ಶನ. ರಾಜ್ಯವನ್ನು ಬಿಟ್ಟು ವರ್ಷಕಾಲ ನಿಂತು ತಪಗೈದರೂ, ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ತಮ್ಮಂದಿರಿಗೆ ನಮಸ್ಕರಿಸಬೇಕಾದೀತೆಂಬ ಬಿಗುಮಾನವು ಅವನಿಗೆ ಕೇವಲಜ್ಞಾನ, ಅಂದರೆ ಪರಿಪೂರ್ಣ ಜ್ಞಾನ, ದೊರೆಯದಂತೆ ತಡೆಯಿತೆಂದೂ, ಆನೆಯಿಂದ ಇಳಿಯೆಂದು ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಹೇಳಿದಾಗ ಆ ಆನೆ ತನ್ನ ಮಾನವೇ ಎಂದು ಅವನಿಗೆ ಹೊಳೆಯಿತೆಂದೂ ಶ್ವೇತಾಂಬರ ಪರಂಪರೆ ಹೇಳುತ್ತದೆ. ಜಿನಸೇನನ ಸಂಸ್ಕೃತ ‘ಆದಿಪುರಾಣ’ದಲ್ಲಾದರೋ ಅಡ್ಡಿಯಾದುದು ಅಣ್ಣ ಭರತನು ತನ್ನಿಂದ ನೊಂದನಲ್ಲಾ ಎಂಬ ಕೊರಗು.

ಮಾನವನ್ನು ತಿದ್ದಿಕೊಳ್ಳಲು ವಿಧಿಸಿರುವ ಕ್ರಮಗಳಲ್ಲಿ, ಆದ ತಪ್ಪುಗಳನ್ನು ನೆನೆದು ಹಿಂದೆ ಸರಿಯುವ ಪ್ರತಿಕ್ರಮಣ ಮತ್ತು ಅವನ್ನು ಗುರುವಿನ ಮುಂದೆ ಮುಚ್ಚಿಡದೆ ಹೇಳುವ ಆಲೋಚನೆ ಮುಖ್ಯವಾದವು. ಭಾದ್ರಪದದ ದಶಲಕ್ಷಣ ಪರ್ವದ ಎರಡನೆಯ ದಿನವು ಮಾನಕ್ಕೆ ಪ್ರತಿಯಾದ ಉತ್ತಮ ಮಾರ್ದವಕ್ಕೆ, ಅಂದರೆ ಮೃದುತ್ವಕ್ಕೆ, ಮೀಸಲಾಗಿದೆ.

ಮೊದಲು ಹೇಳಿದ ಸ್ವಮೋಹದ ಮಾತಿಗೆ ಬಂದರೆ, ಸ್ವಮೋಹಿಗೆ ತನ್ನ ದೋಷ ಕಾಣುವುದೇ ಇಲ್ಲವೆಂಬ ಜನಜನಿತ ನಂಬಿಕೆಯನ್ನು ಆಧುನಿಕ ಸಂಶೋಧನೆ ಪೂರ್ಣವಾಗಿ ಒಪ್ಪುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದೇ ಪ್ರಶ್ನೆಯ ಮಾಪನವು, ನೇರವಾಗಿ ಕೇಳಿದರೆ ಅಂಥವರು ಬಹುಮಟ್ಟಿಗೆ ಒಪ್ಪಿಕೊಳ್ಳುತ್ತಾರೆಂಬುದನ್ನೇ ಆಧರಿಸಿದೆ. ಗುಣವಿರುವುದು ಬೇರೆ, ವ್ಯಾಧಿ ಬೇರೆ: 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ ಸ್ವಮೋಹಿ ವ್ಯಕ್ತಿತ್ವ ದೋಷವನ್ನು ನಿರ್ಣಯಿಸಲು ಈಗಿನ ಆವೃತ್ತಿಯಂತೆ ಒಂಬತ್ತರಲ್ಲಿ ಐದು ಲಕ್ಷಣಗಳಾದರೂ ಇರಬೇಕು. ಇದಕ್ಕೆಂದೇ ಪ್ರತ್ಯೇಕ ಔಷಧವಿಲ್ಲ. ದೀರ್ಘಕಾಲದ ಮಾತಿನ ಚಿಕಿತ್ಸೆಯೇ ಮುಖ್ಯ ಉಪಾಯ. ಮೊದಲ ಸಲಹೆಗಾಗಿ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.