ಅಚ್ಚಿಲ್ಲದೆ ಅಚ್ಚಾದ ಮಾತ್ರೆ: ಬದಲಿಸಬಲ್ಲ ಡೋಸ್ ಮತ್ತು ಅದರ ಪುರಾವೆ

ಗುಳಿಗೆಯನ್ನು ಕನ್ನಡದಲ್ಲಿ ಮಾತ್ರೆ ಎನ್ನುತ್ತೇವೆ. ಛಂದಸ್ಸಿನಲ್ಲಿ ಉಚ್ಚಾರಣೆಯ ಕಾಲವನ್ನು ಅಳೆಯುವ ಪದವೂ ಅದೇ. ಹೆಸರಿನಲ್ಲೇ ಅಳತೆ ಹೊತ್ತ ಈ ವಸ್ತುವಿನ ಅಳತೆಯನ್ನು ಇಂದು ಗೊತ್ತುಮಾಡುವುದು ರೋಗಿಯ ಮೈಯಲ್ಲ, ಕಾರ್ಖಾನೆಯ ಅಚ್ಚು. ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಗುಳಿಗೆ ಮಾಡುವ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಪಡೆದವನು ವಿಲಿಯಂ ಬ್ರಾಕೆಡನ್ ಎಂಬ ಇಂಗ್ಲಿಷ್ ಚಿತ್ರಕಾರ. ಒಂದೇ ಅಚ್ಚಿನಿಂದ ಲಕ್ಷಗಟ್ಟಲೆ ಮಾತ್ರೆ ಉದುರಿದ್ದರಿಂದಲೇ ಔಷಧ ಅಗ್ಗವಾಯಿತು. ಆದರೆ 250, 500 ಎಂಬ ದುಂಡು ಸಂಖ್ಯೆಗಳ ನಡುವೆ ಬೀಳುವ ಮಗುವಿಗೆ, ಮೂತ್ರಪಿಂಡ ಸೋತ ವೃದ್ಧರಿಗೆ ಉಳಿದದ್ದು ಮನೆಯ ಬ್ಲೇಡು. ಹಾಗೆ ಕತ್ತರಿಸಿದ ಎರಡು ಹೋಳುಗಳು ಸಮ ತೂಗುವುದು ಅಪರೂಪ. ನಿಧಾನವಾಗಿ ಕರಗಲೆಂದು ಹೊದಿಕೆ ಹಾಕಿದ ಮಾತ್ರೆಯಾದರಂತೂ ಕತ್ತರಿಸಿದೊಡನೆ ಅದರ ಗುಣವೇ ಕೆಡುತ್ತದೆ.

ಅಚ್ಚನ್ನು ಕೈಬಿಟ್ಟು, ಪದರದ ಮೇಲೆ ಪದರವಿಟ್ಟು ಮಾತ್ರೆ ಕಟ್ಟುವ 3ಡಿ ಮುದ್ರಣ ಈ ತೊಡಕನ್ನು ಬಿಡಿಸುತ್ತದೆಂದು ಔಷಧ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ. ಕಂಪ್ಯೂಟರಿನಲ್ಲಿ ಗಾತ್ರ ತಿದ್ದಿದರೆ ಡೋಸ್ ಬದಲಾಗುತ್ತದೆ ಎಂಬುದು ಅವರ ವಾದ. ವಾದವೇನೋ ನಿಜ. ಆದರೆ ಗಾತ್ರ ತಿದ್ದುವುದು ಈ ಕೆಲಸದಲ್ಲಿ ಸುಲಭದ ಪಾಲು. ತಿದ್ದಿದ ಮಾತ್ರೆ ಮೊದಲಿನ ವೇಗದಲ್ಲೇ ಕರಗುತ್ತದೆಯೇ, ಹೇಳಿದಷ್ಟೇ ಔಷಧ ಅದರಲ್ಲಿದೆಯೇ ಎಂದು ತೋರಿಸಿಕೊಡುವುದು ಕಷ್ಟದ ಪಾಲು. ಈ ಲೇಖನದ ಚರ್ಚೆ ಅದರ ಸುತ್ತ.

ಮುದ್ರಿತ ಮಾತ್ರೆಯೆಂದರೆ ಎಲ್ಲರೂ ಮೊದಲು ಹೆಸರಿಸುವುದು ಅಪ್ರೀಶಿಯಾ ಕಂಪನಿಯ ಸ್ಪ್ರಿಟಮ್ ಅನ್ನು. ಮೂರ್ಛೆರೋಗಕ್ಕೆ ಕೊಡುವ ಲೆವಿಟಿರಾಸಿಟಮ್‌ನ ಈ ರೂಪಕ್ಕೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಪುಡಿಯ ತೆಳು ಹಾಸಿನ ಮೇಲೆ ಅಂಟುದ್ರವ ಹನಿಸುತ್ತ ಪದರ ಬೆಳೆಸುವ ಈ ತಂತ್ರದ ಬೇರು ಎಂಐಟಿಯ ಪ್ರಯೋಗಾಲಯದಲ್ಲಿದೆ. ಒತ್ತುವಿಕೆ ಇಲ್ಲದ್ದರಿಂದ ಮಾತ್ರೆಯ ಒಳಗೆಲ್ಲ ಸೂಕ್ಷ್ಮ ರಂಧ್ರಗಳು, 1000 ಮಿ.ಗ್ರಾಂ. ಔಷಧ ಒಂದು ಗುಟುಕು ನೀರಿಗೆ ಕೆಲವೇ ಸೆಕೆಂಡುಗಳಲ್ಲಿ ಬಿಡಿಬಿಡಿಯಾಗುತ್ತದೆ. ನುಂಗಲಾಗದವರಿಗೆ ಇದು ದೊಡ್ಡ ಅನುಕೂಲ. ಆದರೆ ಡೋಸಿನ ವಿಷಯದಲ್ಲಿ ಸ್ಪ್ರಿಟಮ್ ಹಳೆಯ ದಾರಿಯನ್ನೇ ಹಿಡಿದಿದೆ: ಬಂದದ್ದು 250, 500, 750, 1000 ಮಿ.ಗ್ರಾಂ. ಎಂಬ ನಾಲ್ಕು ಅಳತೆಗಳಲ್ಲಿ. 20ರಿಂದ 40 ಕಿಲೋ ತೂಕದ ಮಕ್ಕಳೆಲ್ಲರಿಗೂ ದಿನಕ್ಕೆರಡು ಬಾರಿ 250 ಮಿ.ಗ್ರಾಂ.ನಿಂದಲೇ ಆರಂಭ. ಅಂದರೆ ಒಂದು ಹೊತ್ತಿಗೆ 20 ಕಿಲೋದ ಮಗುವಿಗೆ ಕಿಲೋಗೆ 12.5 ಮಿ.ಗ್ರಾಂ., 40 ಕಿಲೋದ ಮಗುವಿಗೆ 6.25. ಲೆವಿಟಿರಾಸಿಟಮ್ ಈ ಅಂತರವನ್ನು ತಾಳಿಕೊಳ್ಳುವ ಔಷಧ, ಅದರ ದ್ರವರೂಪವೂ ಸಿಗುತ್ತದೆ. ಹಾಗಾಗಿ ಇಲ್ಲಿ ಹಾನಿಯಿಲ್ಲ. ಮುದ್ರಿಸಿದ ಮಾತ್ರಕ್ಕೆ ಡೋಸ್ ಸಡಿಲವಾಗುವುದಿಲ್ಲ ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

ನಿಜಕ್ಕೂ ಡೋಸ್ ಬದಲಿಸಿ ನೋಡಿದ ಪ್ರಯೋಗ ಅದೇ 2015ರಲ್ಲಿ ಇಂಗ್ಲೆಂಡಿನ ಸೆಂಟ್ರಲ್ ಲ್ಯಾಂಕಾಶೈರ್ ವಿಶ್ವವಿದ್ಯಾಲಯದಿಂದ ಬಂತು. ಪಾಲಿವಿನೈಲ್ ಆಲ್ಕೊಹಾಲ್ ಎಳೆಗೆ ಪ್ರೆಡ್ನಿಸೊಲೋನ್ ಎಂಬ ಔಷಧ ಹೀರಿಸಿ, ಕಾಸಿ, ಮೂತಿಯಿಂದ ಎಳೆದು 2ರಿಂದ 10 ಮಿ.ಗ್ರಾಂ.ವರೆಗಿನ ಮಾತ್ರೆಗಳನ್ನು ಮುದ್ರಿಸಿದರು. ಗಾತ್ರಕ್ಕೆ ತಕ್ಕಂತೆ ಔಷಧಾಂಶವೂ ಏರಿತು. ಇಲ್ಲಿ ಒಂದು ರೇಖಾಗಣಿತದ ಮಾತನ್ನು ಎತ್ತಬೇಕು. ಆಕಾರ ಕೆಡದಂತೆ ಮಾತ್ರೆಯ ಗಾತ್ರವನ್ನು ಇಮ್ಮಡಿ ಮಾಡಿದರೆ ಉದ್ದಗಲ ಎತ್ತರಗಳು ತಲಾ 1.26 ಪಟ್ಟು ಬೆಳೆಯುತ್ತವೆ. ಮೇಲ್ಮೈ ಬೆಳೆಯುವುದು 1.59 ಪಟ್ಟು ಮಾತ್ರ. ಪ್ರತಿ ಮಿಲಿಗ್ರಾಂಗೆ ಸಿಗುವ ಮೇಲ್ಮೈ ಶೇ. 21ರಷ್ಟು ಇಳಿಯುತ್ತದೆ. ಐದು ಪಟ್ಟು ಹಿಗ್ಗಿಸಿದರೆ ಇಳಿತ ಶೇ. 42. ಕರಗುವಿಕೆ ಮೇಲ್ಮೈಯಿಂದ ನಡೆಯುವ ಕಾರಣ ದೊಡ್ಡ ಡೋಸ್ ನಿಧಾನದ ಡೋಸೂ ಆಗಿಬಿಡಬಹುದು. ಪಿರಮಿಡ್, ಘನ, ಗೋಳ, ಬಳೆಯಾಕಾರಗಳಲ್ಲಿ ಪ್ಯಾರಾಸಿಟಮಾಲ್ ಮುದ್ರಿಸಿದ ಲಂಡನ್ನಿನ ಸಂಶೋಧಕರಿಗೂ ಕಂಡದ್ದು ಇದೇ: ಬಿಡುಗಡೆಯ ವೇಗ ಮೇಲ್ಮೈ ಮತ್ತು ಗಾತ್ರದ ಅನುಪಾತವನ್ನು ಹಿಂಬಾಲಿಸುತ್ತದೆ.

ಪರಿಹಾರವೂ ರೇಖಾಗಣಿತದಲ್ಲೇ ಇದೆ. 2 ಮಿ.ಮೀ. ದಪ್ಪ, 10 ಮಿ.ಮೀ. ವ್ಯಾಸದ ಬಿಲ್ಲೆಯನ್ನು ತೆಗೆದುಕೊಳ್ಳಿ. ದಪ್ಪವನ್ನು ಮುಟ್ಟದೆ ಅಗಲವನ್ನಷ್ಟೇ ಹಿಗ್ಗಿಸಿ ಡೋಸ್ ಇಮ್ಮಡಿಸಿದರೆ ಅನುಪಾತ ಇಳಿಯುವುದು ಶೇ. 8ರಷ್ಟೇ. ಆದರೆ ಬಿಲ್ಲೆಯ ವ್ಯಾಸ 14 ಮಿ.ಮೀ. ದಾಟುತ್ತದೆ, ನುಂಗುವ ಗಂಟಲು ಒಪ್ಪಬೇಕಲ್ಲ! ಜಾಲರಿಯಂತೆ, ಜೇನುಹುಟ್ಟಿನಂತೆ ಒಳಗೆ ಕಿಂಡಿ ಬಿಟ್ಟು ಮುದ್ರಿಸುವುದು ಇನ್ನೊಂದು ದಾರಿ. ಈ ಬಗೆಯ ಆಕಾರ ಅಚ್ಚಿಗೆ ಎಟುಕದು; ಮುದ್ರಕದ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಬಿಸಿಯ ತೊಂದರೆ ಬೇರೆಯೇ ಇದೆ: 210 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಳೆದಾಗ 4-ಅಮಿನೊಸ್ಯಾಲಿಸಿಲಿಕ್ ಆಮ್ಲ ಅರ್ಧದಷ್ಟು ನಾಶವಾದದ್ದು ದಾಖಲಾಗಿದೆ.

ಬಿಸಿ ತಪ್ಪಿಸಲು ಕಣಕದಂಥ ಮುದ್ದೆಯನ್ನು ಸಿರಿಂಜಿನಿಂದ ಹಿಂಡುವ ವಿಧಾನ ಬಂತು. ಸ್ಪೇನಿನ ಸ್ಯಾಂಟಿಯಾಗೊ ದೆ ಕಾಂಪೊಸ್ತೆಲಾದ ಆಸ್ಪತ್ರೆಯಲ್ಲಿ ಮಕ್ಕಳಿಗೆ ಕೊಟ್ಟದ್ದು ಇಂಥ ಮಾತ್ರೆಗಳನ್ನೇ; ವರದಿ ಹೊರಬಂದದ್ದು 2019ರಲ್ಲಿ. ಮೇಪಲ್ ಸಿರಪ್ ಯೂರಿನ್ ಡಿಸೀಸ್ ಎಂಬ ಹುಟ್ಟು ಕಾಯಿಲೆಯಲ್ಲಿ ಕೆಲವು ಅಮೈನೊ ಆಮ್ಲಗಳನ್ನು ಒಡೆಯುವ ಕಿಣ್ವ ಕೆಲಸ ಮಾಡದು. ಊಟದಲ್ಲಿ ಅವುಗಳನ್ನು ತಡೆಯಬೇಕು. ತಡೆದಾಗ ಅವುಗಳಲ್ಲೊಂದಾದ ಐಸೊಲ್ಯೂಸಿನ್ ತೀರ ಇಳಿಯದಂತೆ ರಕ್ತಪರೀಕ್ಷೆ ನೋಡಿ ಮತ್ತೆ ಅಳೆದು ಕೊಡಬೇಕು. ಅಲ್ಲಿಯವರೆಗೆ ಆಸ್ಪತ್ರೆಯ ಔಷಧಾಲಯದಲ್ಲಿ ಕೈಯಿಂದ ಕ್ಯಾಪ್ಸೂಲ್ ತುಂಬುತ್ತಿದ್ದರು. ಅಗಿಯಬಲ್ಲ ಮುದ್ರಿತ ಮಾತ್ರೆಗಳನ್ನು ಬೇರೆಬೇರೆ ಬಣ್ಣ ರುಚಿಗಳಲ್ಲಿ ಕೊಟ್ಟಾಗ ರಕ್ತದ ಮಟ್ಟ ಗುರಿಗೆ ಇನ್ನಷ್ಟು ಹತ್ತಿರ ನಿಂತಿತು. ಮಕ್ಕಳು ನಾಲ್ವರೇ ಎಂಬುದನ್ನು ಮರೆಯುವಂತಿಲ್ಲ. ಐಸೊಲ್ಯೂಸಿನ್ ಒಂದು ಪೋಷಕಾಂಶ. ವಾರ್ಫರಿನ್‌ನಂತೆ ಕೂದಲೆಳೆ ತಪ್ಪಿದರೆ ರಕ್ತಸ್ರಾವ ತರುವ ಮದ್ದಲ್ಲ.

ವಾರ್ಫರಿನ್ ಮುದ್ರಿಸುವುದಾದರೆ ಪುರಾವೆಯ ಪ್ರಶ್ನೆ ನೇರವಾಗಿ ಎದುರಾಗುತ್ತದೆ. ಔಷಧದ ಗುಣಮಟ್ಟ ಗೊತ್ತುಮಾಡುವ ಫಾರ್ಮಾಕೋಪಿಯಾ ಗ್ರಂಥಗಳ ಏಕರೂಪತೆಯ ಪರೀಕ್ಷೆ ಒಂದು ತಂಡದಿಂದ ಹತ್ತು ಮಾತ್ರೆ ತೆಗೆದು ಕರಗಿಸಿ ಅಳೆಯುತ್ತದೆ. ಲಕ್ಷ ಮಾತ್ರೆಗಳಲ್ಲಿ ಹತ್ತು ಹೋದರೆ ಲೆಕ್ಕಕ್ಕಿಲ್ಲ. ಒಬ್ಬ ರೋಗಿಗೆಂದು ಹದಿನಾಲ್ಕು ಮುದ್ರಿಸಿ ಹತ್ತನ್ನು ಕರಗಿಸಿದರೆ ರೋಗಿಗೆ ಉಳಿಯುವುದು ನಾಲ್ಕು. ಆದ್ದರಿಂದ ಮಾತ್ರೆ ಕೆಡಿಸದ ಪರೀಕ್ಷೆ ಬೇಕು. ಪ್ರತಿ ಮಾತ್ರೆಯನ್ನೂ ತೂಗಬಹುದು, ಆದರೆ ತಕ್ಕಡಿ ಮುದ್ದೆಯ ತೂಕ ಹೇಳುತ್ತದೆಯೇ ಹೊರತು ಅದರಲ್ಲಿ ಮದ್ದು ಸಮನಾಗಿ ಬೆರೆತಿದೆಯೇ ಎಂಬುದನ್ನಲ್ಲ. ಅವಕೆಂಪು ಬೆಳಕು ಹಾಯಿಸಿ ಔಷಧಾಂಶ ಓದುವ ವಿಧಾನವನ್ನು ಪ್ಯಾರಾಸಿಟಮಾಲ್ ಮೇಲೆ ಪ್ರಯೋಗಿಸಿದ್ದಾರೆ. ಪ್ರತಿಯೊಂದು ಮದ್ದಿಗೂ ಆ ಓದನ್ನು ಹೊಸದಾಗಿ ಹದಗೊಳಿಸಬೇಕಾಗುತ್ತದೆ.

ಕಾನೂನಿನ ಮಾತು ಇನ್ನು. ರೋಗಿಯ ಬಳಿಯಲ್ಲೇ ಔಷಧ ತಯಾರಿಸುವುದಕ್ಕೆಂದು ಬ್ರಿಟನ್ ರೂಪಿಸಿದ ಪ್ರತ್ಯೇಕ ನಿಯಮಗಳು 2025ರ ಜುಲೈನಲ್ಲಿ ಜಾರಿಗೆ ಬಂದವು. ನಮ್ಮ 1940ರ ಔಷಧ ಕಾಯ್ದೆಯ 3ನೇ ಕಲಂ, ಚಿಲ್ಲರೆ ವ್ಯಾಪಾರದ ಸಾಮಾನ್ಯ ನಡಾವಳಿಯಲ್ಲಿ ಮದ್ದು ಬೆರೆಸಿ ಕೊಡುವುದನ್ನು ತಯಾರಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆ ಮಾತು ಬರೆಯುವಾಗ ಕಣ್ಣೆದುರಿದ್ದವನು ಮಿಕ್ಸ್ಚರ್ ಬಾಟಲಿಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಡೋಸಿನ ಗೆರೆ ತೋರಿಸುತ್ತಿದ್ದ ಕಾಂಪೌಂಡರ್ ಇರಬೇಕು. ಆಸ್ಪತ್ರೆಯ ಔಷಧಾಲಯದ ಮುದ್ರಕ ಅವನ ಉತ್ತರಾಧಿಕಾರಿಯೋ, ಪುಟ್ಟ ಕಾರ್ಖಾನೆಯೋ? ಮುದ್ದೆ ತುಂಬಿದ ಸಿರಿಂಜು ಪರವಾನಗಿ ಪಡೆದ ಕಾರ್ಖಾನೆಯಿಂದ ಬಂದು, ಮಾತ್ರೆ ಆಸ್ಪತ್ರೆಯಲ್ಲಿ ಮೂಡುವುದಾದರೆ ಕಾಯ್ದೆಯ ಕಣ್ಣಿಗೆ ಔಷಧ ಯಾವುದು, ಅವಧಿ ಮುಗಿಯುವ ದಿನಾಂಕವನ್ನು ಯಾವುದರ ಮೇಲೆ ಅಚ್ಚು ಹಾಕಬೇಕು ಎಂಬುದನ್ನು ಮೊದಲ ಮುದ್ರಕ ಕೆಲಸ ಶುರುಮಾಡುವ ಮುನ್ನವೇ ಬರೆದಿಡಬೇಕಾಗುತ್ತದೆ.