ಆಳಗಡಲ ಲಾಂದ್ರ ಮತ್ತು ಚೌರಂಘಿಯ ಜಾದುಘರ್



ನಿಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಗುವಿದ್ದರೆ, ಅಥವಾ 2000ದ ದಶಕದಲ್ಲಿ ಆ ವಯಸ್ಸಿನವರಾಗಿದ್ದ ಯಾರಾದರೂ ಇದ್ದರೆ, ಇಂದು ಸಂಜೆ ಒಂದು ಪ್ರಶ್ನೆ ಕೇಳಿ ನೋಡಿ: "ಲ್ಯಾಂಟರ್ನ್ ಅಂದರೆ ಯಾರು?" ಮನೆಯ ಹಿರಿಯರು ಸೀಮೆಎಣ್ಣೆಯ ಲಾಂದ್ರವನ್ನು ನೆನೆದಾರು. ಚಿಕ್ಕವರು ಮಾತ್ರ ಮೊಬೈಲಿನಿಂದ ತಲೆಯೆತ್ತಿ, "ಪೊಕೆಮಾನ್, ನಂಬರ್ 171, ನೀರು ಮತ್ತು ವಿದ್ಯುತ್ ಎರಡೂ ಜಾತಿಗೆ ಸೇರಿದ್ದು" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಹೌದು, ಲ್ಯಾಂಟರ್ನ್ ಒಂದು ಆಟದ ಮೀನು. ಪೊಕೆಮಾನ್ ಎಂಬ ವಿಡಿಯೊ ಆಟ ಜಪಾನಿನಲ್ಲಿ ಶುರುವಾದದ್ದು 1996ರ ಫೆಬ್ರವರಿಯಲ್ಲಿ. ವಿಚಿತ್ರ ಜೀವಿಗಳನ್ನು ಹಿಡಿದು, ಸಾಕಿ, ಪಟ್ಟಿ ಪೂರ್ತಿ ಮಾಡುವುದೇ ಆಟ. ಮೊದಲು 151 ಜೀವಿಗಳಿದ್ದವು. 1999ರ ನವೆಂಬರಿನಲ್ಲಿ ಬಂದ ಎರಡನೆಯ ಕಂತಿನಲ್ಲಿ ಇನ್ನೂ 100 ಸೇರಿದವು. ಅವುಗಳಲ್ಲೊಂದು ಈ ನೀಲಿ ಮೀನು. ತಲೆಯ ಮೇಲಿಂದ ಬಾಗಿದ ಕೋಲು, ಅದರ ತುದಿಯಲ್ಲಿ ಎರಡು ಹಳದಿ ದೀಪ. ಐದು ಕಿಲೋಮೀಟರ್ ಆಳದಿಂದಲೂ ಅದರ ಬೆಳಕು ಮೇಲಕ್ಕೆ ಕಾಣುತ್ತದಂತೆ. ಆಟದವರು ಇಟ್ಟ ಅಡ್ಡಹೆಸರು "ಆಳಗಡಲ ನಕ್ಷತ್ರ".

ಇದು ಮಕ್ಕಳ ವಿಷಯ, ನಮ್ಮ ಇತಿಹಾಸದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ಈ ಮೀನಿನ ನಿಜವಾದ ನೆಂಟನೊಬ್ಬನಿಗೆ ಹೆಸರಿಟ್ಟ ಮನುಷ್ಯ ಕೆಲಸ ಮಾಡಿದ್ದು ನಾವು ಬಸ್ಸಿನಲ್ಲಿ ಕುಳಿತು ದಿನವೂ ದಾಟಿಹೋಗುವ ಚೌರಂಘಿಯ ಆ ದೊಡ್ಡ ಬಿಳಿ ಕಟ್ಟಡದಲ್ಲಿ. ಬಂಗಾಳಿಗಳು ಪ್ರೀತಿಯಿಂದ ಜಾದುಘರ್ ಎನ್ನುವ ಇಂಡಿಯನ್ ಮ್ಯೂಸಿಯಂನಲ್ಲಿ.

ಮೊದಲು ನಿಜವಾದ ಮೀನಿನ ಪರಿಚಯ ಮಾಡಿಕೊಳ್ಳೋಣ. ಇಂಗ್ಲಿಷಿನಲ್ಲಿ ಇದನ್ನು ಆಂಗ್ಲರ್ ಎನ್ನುತ್ತಾರೆ. ನಾವು ಗಾಳದ ಮೀನು ಎನ್ನಬಹುದು. ಬೇರೆಯವರು ಮೀನಿಗೆ ಗಾಳ ಹಾಕಿದರೆ ಈ ಮೀನು ತಾನೇ ಗಾಳ ಹಾಕುತ್ತದೆ. ಅದರ ಬೆನ್ನುರೆಕ್ಕೆಯ ಮೊದಲ ಮುಳ್ಳು ಮುಂದೆ ಸರಿದು, ಬಾಯಿಯ ಮೇಲೆ ಗಾಳದ ಕೋಲಿನಂತೆ ನಿಂತಿರುತ್ತದೆ. ತುದಿಯಲ್ಲೊಂದು ಗೊಂಡೆ. ಅದರೊಳಗೆ ಬೆಳಕು ಬೀರುವ ಬ್ಯಾಕ್ಟೀರಿಯಾಗಳ ವಾಸ. ಮೀನು ಅವಕ್ಕೆ ಆಹಾರ ಕೊಡುತ್ತದೆ, ಅವು ಮೀನಿಗೆ ಬೆಳಕು ಕೊಡುತ್ತವೆ. ಒಂದು ರೀತಿಯಲ್ಲಿ ಬಾಡಿಗೆ ಮನೆಯ ವ್ಯವಹಾರ. ಕತ್ತಲಲ್ಲಿ ಬೆಳಕು ಕಂಡು ಹತ್ತಿರ ಬಂದ ಸಣ್ಣ ಜೀವಿ ಆ ದೊಡ್ಡ ಬಾಯಿಗೆ ಬೀಳುತ್ತದೆ.

ಇನ್ನೊಂದು ಸಂಗತಿಯನ್ನು ಆಟದವರು ಬಿಟ್ಟಿದ್ದಾರೆ. ದೀಪವಿರುವುದು ಹೆಣ್ಣು ಮೀನಿಗೆ ಮಾತ್ರ. ಗಂಡು ತೀರಾ ಚಿಕ್ಕದು. ಕೆಲವು ಜಾತಿಗಳಲ್ಲಿ ಅದು ಹೆಣ್ಣಿನ ಮೈಯನ್ನು ಕಚ್ಚಿಹಿಡಿದು, ಕೊನೆಗೆ ರಕ್ತನಾಳಗಳೂ ಒಂದಾಗಿ, ಬದುಕಿರುವಷ್ಟು ಕಾಲ ಅಂಟಿಕೊಂಡೇ ಇರುತ್ತದೆ. 1922ರಲ್ಲಿ ಐಸ್‌ಲ್ಯಾಂಡಿನ ಬ್ಯಾರ್ನಿ ಸೈಮುಂಡ್‌ಸನ್ ಹೀಗೆ ಅಂಟಿಕೊಂಡ ಪುಟ್ಟ ಮೀನುಗಳನ್ನು ಕಂಡು ಮರಿಗಳೆಂದೇ ತಿಳಿದರು. ಅವು ಮರಿಗಳಲ್ಲ, ಗಂಡುಗಳು ಎಂದು ಗುರುತಿಸಿದ್ದು ಬ್ರಿಟನ್ನಿನ ಟೇಟ್ ರೀಗನ್, 1925ರಲ್ಲಿ.

ಈಗ ಕೋಲ್ಕತ್ತಕ್ಕೆ ಬರೋಣ. 1872ರಿಂದ 1876ರವರೆಗೆ ಬ್ರಿಟನ್ನಿನ ಚಾಲೆಂಜರ್ ಎಂಬ ಹಡಗು ಪ್ರಪಂಚದ ಸಾಗರಗಳ ಆಳವನ್ನು ಅಳೆಯುತ್ತಾ ಸುತ್ತಿತು. ಆದರೆ ಅದು ನಮ್ಮ ಬಂಗಾಳ ಕೊಲ್ಲಿಗೂ ಬರಲಿಲ್ಲ, ಅರಬ್ಬೀ ಸಮುದ್ರಕ್ಕೂ ಬರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಇನ್ವೆಸ್ಟಿಗೇಟರ್ ಎಂಬ ಹಡಗು. 1881ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಕಟ್ಟಿದ, 580 ಟನ್ನಿನ, ಪಕ್ಕದ ಚಕ್ರಗಳಿಂದ ಓಡುವ ಮರದ ಉಗಿಹಡಗು. ಅದರ ಮುಖ್ಯ ಕೆಲಸ ಕರಾವಳಿಯ ಸರ್ವೆ. ಹಡಗಿನ ವೈದ್ಯನೇ ಜೀವಿಗಳನ್ನು ಸಂಗ್ರಹಿಸುವ ನಿಸರ್ಗಶಾಸ್ತ್ರಜ್ಞನೂ ಆಗಿರಬೇಕೆಂಬುದು ಏರ್ಪಾಡು. ಒಂದೇ ಸಂಬಳ, ಎರಡು ಕೆಲಸ.

1888ರಲ್ಲಿ ಈ ಕೆಲಸಕ್ಕೆ ಬಂದವರು ಆಲ್‌ಫ್ರೆಡ್ ಆಲ್ಕಾಕ್. ಇವರ ಬದುಕೂ ಸುತ್ತುಬಳಸಿನದೇ. ಹುಟ್ಟಿದ್ದು 1859ರಲ್ಲಿ, ಮುಂಬಯಿಯಲ್ಲಿ, ಹಡಗಿನ ಕಪ್ತಾನರೊಬ್ಬರ ಮಗನಾಗಿ. ಮನೆಯ ಹಣಕಾಸು ಕೆಟ್ಟಾಗ ಓದು ನಿಂತಿತು. ಹದಿನೇಳರ ಹುಡುಗನನ್ನು 1876ರಲ್ಲಿ ವಯನಾಡಿನ ಕಾಫಿ ತೋಟಕ್ಕೆ ಕಳುಹಿಸಿದರು. ನಮ್ಮ ಕೊಡಗಿನ ಪಕ್ಕದ ಅದೇ ವಯನಾಡು. ಕಾಡಿನ ಜೀವಿಗಳ ಹುಚ್ಚು ಅವರಿಗೆ ಹಿಡಿದದ್ದು ಅಲ್ಲಿ. ಆಮೇಲೆ ಕಲ್ಕತ್ತೆಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಪುರುಲಿಯಾದಲ್ಲಿ ಅಸ್ಸಾಮಿನ ಚಹಾತೋಟಗಳಿಗೆ ಕೂಲಿಗಳನ್ನು ಸೇರಿಸುವ ಕೆಲಸ, ಡಾರ್ಜಿಲಿಂಗಿನಲ್ಲಿ ಮೇಷ್ಟ್ರ ಕೆಲಸ. ಕೊನೆಗೆ ಅಬರ್ಡೀನಿನಲ್ಲಿ ವೈದ್ಯಕೀಯ ಓದಿ, 1885ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು.

ಚಳಿಗಾಲ ಮತ್ತು ಬೇಸಿಗೆಯಲ್ಲಿ ಹಡಗು ಕಡಲಿನಲ್ಲಿ. ಆಳವನ್ನು ಆಗ ಫ್ಯಾದಮ್ ಲೆಕ್ಕದಲ್ಲಿ ಬರೆಯುತ್ತಿದ್ದರು. ಒಂದು ಫ್ಯಾದಮ್ ಎಂದರೆ ಆರು ಅಡಿ, ನಮ್ಮ ಹಳ್ಳಿಯವರು ಹಗ್ಗ, ಬಾವಿ ಅಳೆಯುವ ಒಂದು ಮಾರು. ಸಾವಿರ ಮಾರು ಆಳಕ್ಕೆ ಬಲೆ ಇಳಿಸಿ, ಎಳೆದು, ಮೇಲೆತ್ತಲು ಗಂಟೆಗಟ್ಟಲೆ ಬೇಕು. ಅಷ್ಟು ಮಾಡಿದರೂ ಬರಿಯ ಕೆಸರು ಬರಬಹುದು, ಹಗ್ಗ ಹರಿದು ಬಲೆಯೇ ಹೋಗಬಹುದು. ಆ ಆಳದಲ್ಲಿ ನೀರಿನ ಒತ್ತಡ ಮೇಲಿನದಕ್ಕಿಂತ ನೂರಾರು ಪಟ್ಟು. ನೀರಿನ ಬಿಸಿಯೂ ಬೇರೆ. ಅಲ್ಲಿಂದ ಬಂದ ಮೀನುಗಳು ಬಹುಪಾಲು ದಾರಿಯಲ್ಲೇ ಸತ್ತಿರುತ್ತವೆ.

ಆದರೂ ಒಮ್ಮೊಮ್ಮೆ ಅದೃಷ್ಟ ಒಲಿಯುತ್ತಿತ್ತು. ಹೆಟೆರೊಕಾರ್ಪಸ್ ಎಂಬ ಆಳಗಡಲ ಸಿಗಡಿಗಳು ಜೀವಂತವಾಗಿ ಮೇಲೆ ಬಂದವು. ಬಕೆಟ್ಟಿನ ನೀರಿಗೆ ಬಿಟ್ಟಾಗ ಅವು ನೀಲಿ ಬೆಳಕಿನ ಮೋಡವನ್ನೇ ಉಗುಳಿದವು. ಬಕೆಟ್ಟಿನೊಳಗಿದ್ದ ಪ್ರತಿಯೊಂದೂ ಆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತೆಂದು ಆಲ್ಕಾಕ್ ತಮ್ಮ 1902ರ ಪುಸ್ತಕ 'ಎ ನ್ಯಾಚುರಲಿಸ್ಟ್ ಇನ್ ಇಂಡಿಯನ್ ಸೀಸ್'ನಲ್ಲಿ ಬರೆದಿದ್ದಾರೆ. ಯೋಚಿಸಿ ನೋಡಿ. ಟಾರ್ಚು ಇಲ್ಲದ ಕಾಲ, ಕತ್ತಲ ಕಡಲು, ಮರದ ಹಡಗು, ಮಧ್ಯದಲ್ಲಿ ಬೆಳಗುವ ಒಂದು ಬಕೆಟ್ಟು.

ಮಳೆಗಾಲ ಬಂತೆಂದರೆ ಹಡಗಿಗೆ ವಿರಾಮ. ಆಲ್ಕಾಕ್ ಮದ್ಯಸಾರದ ಜಾಡಿಗಳೊಂದಿಗೆ ಕಲ್ಕತ್ತೆಗೆ ಬರುತ್ತಿದ್ದರು. ಹೊರಗೆ ಚೌರಂಘಿಯ ಮೇಲೆ ಮಳೆ, ಒಳಗೆ ಮ್ಯೂಸಿಯಂನಲ್ಲಿ ಜಾಡಿ, ಭೂತಗನ್ನಡಿ, ಪಟ್ಟಿ. 1889-90ರ ಋತುವಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಸಿಕ್ಕ ಮೀನುಗಳ ನಡುವೆ ಒಂದು ಗಾಳದ ಮೀನಿತ್ತು. 1890ರಲ್ಲಿ ಅವರು ಅದಕ್ಕೆ ಪ್ಯಾರೊನೈರೋಡಿಸ್ ಗ್ಲೊಮೆರೋಸಸ್ ಎಂದು ಹೆಸರಿಟ್ಟರು. ಹೆಸರು ನಾಲಿಗೆಗೆ ಕಷ್ಟ, ಕತೆ ಸುಲಭ. ಈಗಿನ ತಜ್ಞರು ಅದನ್ನು ಸೇರಿಸುವ ಕುಟುಂಬದ ಹೆಸರು ಡೈಸೆರಾಟಿಡೇ. ಅಂದರೆ ಎರಡು ಕೊಂಬಿನವು. ಉಳಿದ ಗಾಳದ ಮೀನುಗಳಿಗೆ ಒಂದೇ ದೀಪದ ಕೋಲಾದರೆ, ಈ ಕುಟುಂಬಕ್ಕೆ ಹಿಂದೆ ಇನ್ನೊಂದು ಚಿಕ್ಕ ಕೋಲೂ ಇದೆ, ಅದರಲ್ಲೂ ಬೆಳಕಿದೆ. ಆಟದ ಲ್ಯಾಂಟರ್ನಿಗೂ ಎರಡು ದೀಪ. ಜಪಾನಿನ ಚಿತ್ರಕಾರರು ಈ ಮೀನನ್ನು ನೋಡಿಯೇ ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಕಲ್ಪನೆ ಎಂದು ನಾವು ತಿಳಿದ ಎರಡು ದೀಪ, 1890ರಲ್ಲೇ ನಮ್ಮ ಕೊಲ್ಲಿಯಿಂದ ಬಂದು ಹೆಸರು ಪಡೆದಿತ್ತು.

ಇಲ್ಲೊಂದು ತೊಡಕಿದೆ. ಜಾಡಿಗೆ ಬಿದ್ದ ಮೀನಿನ ಬಣ್ಣ ಕೆಲವೇ ದಿನಗಳಲ್ಲಿ ಮಾಸುತ್ತದೆ. ಬೆಳಕಂತೂ ಸಾವಿನೊಂದಿಗೇ ಆರುತ್ತದೆ. ಆಗ ಉಳಿಯುವುದು ಚಿತ್ರ ಮಾತ್ರ. ಇನ್ವೆಸ್ಟಿಗೇಟರ್ ಸಂಗ್ರಹದ ಚಿತ್ರಗಳನ್ನು 1892ರಿಂದ ಕಲ್ಕತ್ತೆಯಲ್ಲಿ ಕಂತುಕಂತಾಗಿ ಪ್ರಕಟಿಸಿದರು. ಹಾಳೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಬಂಗಾಳಿ ಹೆಸರುಗಳು ಕಾಣುತ್ತವೆ: ಎ. ಸಿ. ಚೌಧರಿ ಮತ್ತು ಎಸ್. ಸಿ. ಮೊಂಡುಲ್. ಒಂದೊಂದು ಮುಳ್ಳನ್ನೂ, ಒಂದೊಂದು ಹುರುಪೆಯನ್ನೂ ಎಣಿಸಿ ಬರೆದ ಕೈಗಳು ಅವು. ಜಾಡಿಯ ಪೇಲವ ಮೀನನ್ನು ಕಂಡು, ಜೀವವಿರುವಂತೆ ಹಾಳೆಗಿಳಿಸುವುದು ಅವರ ಕಸುಬು. ಮೀನಿನ ಹೆಸರಿನ ಜೊತೆಗೆ ಆಲ್ಕಾಕ್ ಹೆಸರು ಶಾಶ್ವತವಾಗಿ ಸೇರಿತು. ಬರೆದವರ ಹೆಸರು ಹಾಳೆಯ ಅಂಚಿನಲ್ಲೇ ಉಳಿಯಿತು. ಬಲೆ ಎಳೆದ ಖಲಾಸಿಗಳದು ಅಲ್ಲಿಯೂ ಇಲ್ಲ.

1893ರಲ್ಲಿ ಆಲ್ಕಾಕ್ ಮ್ಯೂಸಿಯಂನ ಸೂಪರಿಂಟೆಂಡೆಂಟ್ ಆದರು. 1899ರಲ್ಲಿ ಮ್ಯೂಸಿಯಂನಲ್ಲಿರುವ ಭಾರತದ ಆಳಗಡಲ ಮೀನುಗಳ ವಿವರಣಾತ್ಮಕ ಪಟ್ಟಿಯನ್ನು ಹೊರತಂದರು. ಪೊಕೆಮಾನ್ ಆಡುವ ಮಕ್ಕಳ ಕೈಯಲ್ಲಿ ಪೊಕೆಡೆಕ್ಸ್ ಎಂಬ ಪಟ್ಟಿಯಿರುತ್ತದೆ: ಜೀವಿಯ ಹೆಸರು, ಉದ್ದ, ತೂಕ, ಗುಣ. ಆಲ್ಕಾಕರ ಪಟ್ಟಿಯೂ ಹಾಗೆಯೇ, ಆಟಕ್ಕಿಂತ ಸುಮಾರು ನೂರು ವರ್ಷ ಮೊದಲಿನದು. ಈ ಹೋಲಿಕೆ ಬರಿಯ ತಮಾಷೆಯಲ್ಲ. ಆಟವನ್ನು ಕಟ್ಟಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಟೋಕಿಯೊ ಹೊರವಲಯದ ಹೊಲಗದ್ದೆಗಳಲ್ಲಿ ಹುಳು ಹಿಡಿಯುತ್ತಿದ್ದ ಹುಡುಗ. ಹೊಲಗಳು ಕಟ್ಟಡಗಳಾದ ಮೇಲೆ, ಹಿಡಿಯುವ ಆ ಸುಖವನ್ನು ಮಕ್ಕಳಿಗೆ ಯಂತ್ರದಲ್ಲಾದರೂ ಕೊಡಬೇಕೆಂದು ಹೊರಟವರು. ವಯನಾಡಿನ ಕಾಡಿನ ಹುಡುಗನಿಗೂ ಅದೇ ಹುಚ್ಚು.

ಆಟದ ಪಟ್ಟಿ ಕಳೆದುಹೋದರೆ ಮತ್ತೆ ಆಡಬಹುದು. ಮ್ಯೂಸಿಯಂನ ಪಟ್ಟಿಗೆ ಆ ಸೌಲಭ್ಯವಿಲ್ಲ. 1916ರ ಜುಲೈ 1ರಂದು ಮ್ಯೂಸಿಯಂನ ಪ್ರಾಣಿವಿಭಾಗದಿಂದಲೇ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಹುಟ್ಟಿತು, ನೆಲ್ಸನ್ ಅನಂಡೇಲ್ ಅದರ ಮೊದಲ ನಿರ್ದೇಶಕರಾದರು. ಎರಡನೆಯ ಮಹಾಯುದ್ಧದಲ್ಲಿ ಕಲ್ಕತ್ತೆಗೆ ಜಪಾನೀ ಬಾಂಬುಗಳ ಭಯ ಬಂದಾಗ, 1942ರಲ್ಲಿ ಸರ್ವೇಕ್ಷಣಾಲಯವನ್ನು ವಾರಾಣಸಿಯ ಕೈಸರ್ ಕ್ಯಾಸಲ್ ಎಂಬ ಕಟ್ಟಡಕ್ಕೆ ಸಾಗಿಸಿದರು. ಅಲ್ಲಿ ಬಾಂಬು ಬೀಳಲಿಲ್ಲ. 1943ರಲ್ಲಿ ವರುಣಾ ನದಿ ಉಕ್ಕಿತು. ಸುರಕ್ಷಿತವೆಂದು ಒಯ್ದ ಜಾಗದಲ್ಲೇ ನೀರು ನುಗ್ಗಿ ಸಂಗ್ರಹಕ್ಕೆ ಭಾರೀ ಹಾನಿಯಾಯಿತು. ಕಡಲಿನಿಂದ ಅಷ್ಟು ಕಷ್ಟಪಟ್ಟು ಮೇಲೆತ್ತಿದ್ದನ್ನು ಇಟ್ಟ ಸಂಸ್ಥೆಗೆ ಹೊಳೆಯ ನೀರು ಹೊಡೆತ ಕೊಟ್ಟಿತು.

ಹೆಸರಿಗೆ ಆಧಾರವಾದ ಮೊದಲ ಮಾದರಿ ಹೋದರೆ ಏನಾಗುತ್ತದೆ? ನಮ್ಮ ಬೆಂಗಳೂರಿನ ಉದಾಹರಣೆಯೇ ಇದೆ. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರೂ 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಅನೇಕ ಹೊಸ ಕಪ್ಪೆಗಳನ್ನು ವಿವರಿಸಿದರು. ಅವರ ಮಾದರಿಗಳು ಆಮೇಲೆ ಕಳೆದುಹೋದವು. ಮುಂದಿನವರು ಪಶ್ಚಿಮಘಟ್ಟದಲ್ಲಿ ಕಪ್ಪೆ ಹಿಡಿದು, ಇದು ರಾಯರು ಕಂಡದ್ದೇ ಅಥವಾ ಬೇರೆಯೇ ಎಂದು ದಶಕಗಳ ಕಾಲ ತಲೆಕೆಡಿಸಿಕೊಳ್ಳಬೇಕಾಯಿತು. ಒಂದು ಜಾಡಿ ಒಡೆದರೆ ಒಂದು ಹೆಸರು ಅನಾಥವಾಗುತ್ತದೆ.

ಹಾಗಾದರೆ ಆ ಬೆಳಕನ್ನು ಯಾರೂ ನೋಡಲೇ ಇಲ್ಲವೇ? ನೋಡುವ ಕಾಲ ಈಗ ಬಂದಿದೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಯಂತ್ರದ ಕ್ಯಾಮೆರಾವೊಂದು ಜೀವಂತ ಗಾಳದ ಮೀನನ್ನು ಅದರ ಮನೆಯಲ್ಲೇ ಚಿತ್ರೀಕರಿಸಿತು. 2025ರ ಜನವರಿಯಲ್ಲಿ ಟೆನೆರಿಫ್ ದ್ವೀಪದ ಬಳಿ ಒಂದು ಪುಟ್ಟ ಕಪ್ಪು ಗಾಳದ ಮೀನು ಹಾಡಹಗಲೇ ನೀರಿನ ಮೇಲ್ಮೈಗೆ ಬಂದಿತ್ತು. ಆ ದೃಶ್ಯ ಲೋಕವೆಲ್ಲಾ ಹರಿದಾಡಿತು, ಮೀನು ಕೆಲವೇ ಗಂಟೆಗಳಲ್ಲಿ ಸತ್ತಿತು. ಅಂಗೈಯಲ್ಲಿ ಹಿಡಿಯುವಷ್ಟೇ ಅದರ ಗಾತ್ರವೆಂದು ತಿಳಿದು ಮಕ್ಕಳಿಗೆ ನಿರಾಶೆಯಾದದ್ದೂ ಉಂಟು. ಆಟದ ಲ್ಯಾಂಟರ್ನ್ 1.2 ಮೀಟರ್ ಉದ್ದವಲ್ಲವೇ! ಹೇಳಿ ಅವರಿಗೆ, ಗಾಳದ ಮೀನುಗಳಲ್ಲಿ ಒಂದು ಮೀಟರಿಗೂ ಮೀರಿ ಬೆಳೆಯುವ ಜಾತಿಯೂ ಇದೆ.

ಅಷ್ಟು ಆಳಕ್ಕೆ ಹೋಗಲಾಗದವರಿಗೆ ನಮ್ಮ ಕರಾವಳಿಯೇ ಒಮ್ಮೊಮ್ಮೆ ದಯೆ ತೋರುತ್ತದೆ. 2020ರ ನವೆಂಬರಿನಲ್ಲಿ ಕಾರವಾರ, ಮಲ್ಪೆಯ ಕಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದವು. ನಾಕ್ಟಿಲ್ಯೂಕ ಎಂಬ ಬಹಳ ಸಣ್ಣ ಜೀವಿಗಳ ಬೆಳಕು ಅದು. ಅದೇ ಕಾರವಾರದ ಕಡಲನ್ನು 1883ರಲ್ಲಿ ಈ ಊರಿನ ರವೀಂದ್ರನಾಥ ಠಾಕೂರರು ಕಂಡು ಮನಸೋತಿದ್ದರು. ಅಲ್ಲಿನ ಕಡಲತೀರಕ್ಕೆ ಅವರದೇ ಹೆಸರಿದೆ.

ಮುಂದಿನ ರಜಾದಿನ ಮಕ್ಕಳನ್ನು ಜಾದುಘರಕ್ಕೆ ಕರೆದೊಯ್ಯಿರಿ. ಪಾರ್ಕ್ ಸ್ಟ್ರೀಟ್ ಮೆಟ್ರೊದಲ್ಲಿ ಇಳಿದರೆ ನಾಲ್ಕು ಹೆಜ್ಜೆ. ಸೋಮವಾರ ಮಾತ್ರ ಬೇಡ, ಅಂದು ಬಾಗಿಲು ಮುಚ್ಚಿರುತ್ತದೆ. ಮಮ್ಮಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಪ್ರಾಣಿವಿಭಾಗದ ಜಾಡಿಯೊಂದರ ಮುಂದೆಯೂ ನಿಲ್ಲಿ. ಬಿಳಿಚಿಕೊಂಡ ಮೀನನ್ನು ನೋಡಿ ಮಗು "ಇದರಲ್ಲಿ ಲೈಟೇ ಇಲ್ಲವಲ್ಲ" ಎಂದರೆ, ಬಕೆಟ್ಟಿನಲ್ಲಿ ನೀಲಿ ಬೆಳಕು ಕಂಡ ವೈದ್ಯರ ಕತೆ ಹೇಳಿ, ಅಂಚಿನಲ್ಲಿ ಹೆಸರು ಬರೆದ ಚೌಧರಿ ಮತ್ತು ಮೊಂಡುಲ್ ಅವರ ಕತೆ ಹೇಳಿ. ಕನ್ನಡದಲ್ಲೇ ಹೇಳಿ.