ಮ್ಯೂಕರ್‌ಮೈಕೋಸಿಸ್

ಮ್ಯೂಕರ್‌ಮೈಕೋಸಿಸ್ ರೋಗನಿರೋಧಕ ಶಕ್ತಿ ಕುಗ್ಗಿದವರನ್ನು ಹಿಡಿಯುವ ಅಪರೂಪದ, ಮಾರಕವಾಗಬಲ್ಲ ಶಿಲೀಂಧ್ರ ಸೋಂಕು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರ್ ರೋಗಿಗಳು ಇದಕ್ಕೆ ಹೆಚ್ಚಾಗಿ ಈಡಾಗುತ್ತಾರೆ. ಕರ್ನಾಟಕದಲ್ಲಿ ಇದು ‘ಬ್ಲ್ಯಾಕ್ ಫಂಗಸ್’ ಎಂದು ಮನೆಮಾತಾದದ್ದು 2021ರಲ್ಲಿ. ಶಿಲೀಂಧ್ರ ರಕ್ತನಾಳಗಳಿಗೆ ನುಗ್ಗಿ ರಕ್ತಸಂಚಾರ ತಡೆಯುವುದರಿಂದ ಮೂಗು, ಅಂಗುಳ, ಕಣ್ಣಿನ ಸುತ್ತಲಿನ ಭಾಗ ಸತ್ತು ಕಪ್ಪಾಗುತ್ತದೆ.

ಹೆಚ್ಚಿನ ಪ್ರಕರಣಗಳಿಗೆ ಕಾರಣ ರೈಜೋಪಸ್ ಕುಲದ ಬೂಷ್ಟು. ಮಣ್ಣು, ತಿಪ್ಪೆಗುಂಡಿ, ಹಳಸಿದ ಬ್ರೆಡ್ಡುಗಳಲ್ಲಿ ಇದು ಸಾಮಾನ್ಯ. ಹಲಸಿನ ಎಳೆಗಾಯಿ ಕಪ್ಪಾಗಿ ಕೊಳೆಯುವುದೂ ಇದೇ ಕುಲದಿಂದ. ಮಾಯಸಂದ್ರ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯವರಿಗೂ ಇದು ಹೊಸದಲ್ಲ: ತೇವ ಉಳಿದ ಕೊಬ್ಬರಿಗೆ ಹತ್ತುವ ಬೂಷ್ಟುಗಳಲ್ಲಿ ರೈಜೋಪಸ್ ಕೂಡ ಒಂದು. ಅದರ ಬೀಜಕಣಗಳನ್ನು ಎಲ್ಲರೂ ಉಸಿರಾಡುತ್ತಾರೆ. ಆರೋಗ್ಯವಂತರ ಬಿಳಿ ರಕ್ತಕಣಗಳು ಅವನ್ನು ಅಲ್ಲಿಯೇ ಕೊಲ್ಲುತ್ತವೆ. ಸೋಂಕು ಒಬ್ಬರಿಂದೊಬ್ಬರಿಗೆ ಹರಡದು.

ಮನುಷ್ಯರಲ್ಲಿ ಇಂಥ ಸೋಂಕನ್ನು ಜರ್ಮನಿಯ ಕ್ಯೂಖೆನ್‌ಮೈಸ್ಟರ್ 1855ರಲ್ಲಿ ವರ್ಣಿಸಿದ. 1885ರಲ್ಲಿ ಪಾಲ್ಟೌಫ್ ಅದಕ್ಕೆ ‘ಮೈಕೋಸಿಸ್ ಮ್ಯೂಕೋರಿನಾ’ ಎಂದು ಹೆಸರಿಟ್ಟ. ಸಕ್ಕರೆ ಕಾಯಿಲೆಯವರಲ್ಲಿ ಅದು ಸೈನಸ್‌ನಿಂದ ಕಣ್ಣಿಗೆ, ಮಿದುಳಿಗೆ ಏರುವ ಬಗೆಯನ್ನು ಅಮೆರಿಕದ ಗ್ರೆಗರಿ ಮತ್ತು ಸಂಗಡಿಗರು 1943ರಲ್ಲಿ ದಾಖಲಿಸಿದರು. ಸಕ್ಕರೆ ಮಿತಿಮೀರಿ ರಕ್ತ ಆಮ್ಲೀಯವಾದಾಗ ಪ್ರೋಟೀನುಗಳಿಗೆ ಅಂಟಿಕೊಂಡ ಕಬ್ಬಿಣ ಬಿಡುಗಡೆಯಾಗುತ್ತದೆ, ಶಿಲೀಂಧ್ರಕ್ಕೆ ಅದೇ ಗೊಬ್ಬರ. 1950ರ ದಶಕದಲ್ಲಿ ವೆನೆಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಆಂಫೊಟೆರಿಸಿನ್-ಬಿ ಮೊದಲ ಪರಿಣಾಮಕಾರಿ ಔಷಧವಾಯಿತು. ಮೂತ್ರಪಿಂಡಕ್ಕೆ ಅದರಿಂದಾಗುವ ಹಾನಿಯನ್ನು ಮುಂದೆ ಬಂದ ಲಿಪೊಸೋಮಲ್ ರೂಪ ತಗ್ಗಿಸಿತು.

ಸಕ್ಕರೆ ಕಾಯಿಲೆ ವ್ಯಾಪಕವಾಗಿರುವ ಭಾರತದಲ್ಲಿ ಕೋವಿಡ್‌ಗೆ ಮೊದಲೂ ರೋಗದ ಪ್ರಮಾಣ ಹೆಚ್ಚೇ ಇತ್ತು. ಎರಡನೇ ಅಲೆಯಲ್ಲಿ ಸ್ಟೀರಾಯ್ಡ್‌ಗಳ ಧಾರಾಳ ಬಳಕೆ ಸಕ್ಕರೆ ಕಾಯಿಲೆಗೆ ಜೊತೆಗೂಡಿ ಪ್ರಕರಣಗಳು ಏರಿದವು. ಆಕ್ಸಿಜನ್ ಉಪಕರಣದ ನೀರಿನ ಮೇಲೂ ಗುಮಾನಿ ಬಿತ್ತು. ಆದರೆ ಸಕ್ಕರೆ ಮತ್ತು ಸ್ಟೀರಾಯ್ಡ್‌ಗಳ ಪಾತ್ರಕ್ಕೆ ಸಿಕ್ಕಷ್ಟು ಬಲವಾದ ಪುರಾವೆ ಅದಕ್ಕೆ ಸಿಗಲಿಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರದ ಸೂಚನೆಯಂತೆ ರಾಜ್ಯಗಳು ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿದವು. ಬೆಂಗಳೂರಿನ ಬೌರಿಂಗ್, ಹುಬ್ಬಳ್ಳಿಯ ಕಿಮ್ಸ್ ಮೊದಲಾದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನಡೆಯಿತು. ಔಷಧ ಎಷ್ಟು ದುರ್ಲಭವಾಯಿತೆಂದರೆ, ಕೇಂದ್ರ ರಸಗೊಬ್ಬರ ಮತ್ತು ರಾಸಾಯನಿಕ ಸಚಿವ ಡಿ.ವಿ. ಸದಾನಂದ ಗೌಡರು ರಾಜ್ಯವಾರು ಹಂಚಿಕೆಯನ್ನು ಆಗಾಗ ಪ್ರಕಟಿಸಬೇಕಾಯಿತು. ಔಷಧವೊಂದೇ ಸಾಲುವುದಿಲ್ಲ, ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕು, ಕೆಲವೊಮ್ಮೆ ಕಣ್ಣನ್ನೂ. ಆಮೇಲೆ ಪೊಸಕೊನಜೋಲ್ ಮಾತ್ರೆ ವಾರಗಟ್ಟಲೆ ಮುಂದುವರಿಯುತ್ತದೆ. 2022ರ ಆರಂಭದ ಓಮಿಕ್ರಾನ್ ಅಲೆಯಲ್ಲಿ ಅಂಥ ಏರಿಕೆ ಮರುಕಳಿಸಲಿಲ್ಲ.